ಸಂಜೆ ಏಳರ ಅಂಕ

11 ಜುಲೈ 1989, ಮಂಗಳವಾರ

ಮತ್ತೆ ಅದೇ. ಅರ್ಧ ಭಕ್ಕರಿ ತಿಂದು ತಟ್ಟೆ ಸರಿಸಿದಳು ಅಂಬುಜಾ. "ಸಾಕ್ರಿ, ಇಲ್ಲೀತನಾ ಬಂದದ" ಎಂದು ಗಂಟಲ ಹತ್ತಿರ ಕೈ ಹಿಡಿದು ತೋರಿಸಿದಳು. ಜೂನ್ ಮೊದಲ ವಾರದಿಂದ ಹೀಗೆ. ತಿಂದರೆ ಉಬ್ಬರ, ತಿನ್ನದಿದ್ದರೂ ಉಬ್ಬರ. ಅಜವಾನ ಆಯಿತು, ಇಂಗು ಆಯಿತು, ಪಕ್ಕದ ಕ್ವಾರ್ಟರ್ಸಿನ ಸುಶೀಲಾಬಾಯಿ ಕೊಟ್ಟ ಕಪ್ಪುಪ್ಪಿನ ಪುಡಿಯೂ ಆಯಿತು. ನಾನು ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಟರ್, ಇಪ್ಪತ್ತೆರಡು ವರ್ಷದಿಂದ ವಾಯುಯಾನದ ಅನ್ನ ಉಂಡವನು. ವಾಯು ಮಾತ್ರ ಹೆಂಡತಿಯ ಪಾಲಿಗೆ.

ಇಂದು ಓಝರ್ ಟೌನ್‌ಶಿಪ್ ಡಿಸ್ಪೆನ್ಸರಿಗೆ ಕರೆದೊಯ್ದೆ. ಡಾಕ್ಟರು ಹೊಟ್ಟೆ ಒತ್ತಿದರು, ಬೆರಳಿನಿಂದ ಬಡಿದರು — ತಬಲಾ ಪರೀಕ್ಷೆ. ಗುಳಿಗೆ ಕೊಟ್ಟರು. ಜೊತೆಗೊಂದು ಚೀಟಿ: ನಾಸಿಕ್‌ಗೆ ಹೋಗಿ ಸೋನೋಗ್ರಫಿ ಮಾಡಿಸಿ, ಲೇಡಿ ಡಾಕ್ಟರಿಗೂ ತೋರಿಸಿ. "ಘಾಯೀ ನಾಹೀ, ಪಣ್ ಕರೂನ್ ಘ್ಯಾ." ಅವಸರವಿಲ್ಲ, ಆದರೆ ಮಾಡಿಸಿಕೊಳ್ಳಿ. ಅಂಬುಜಾ ಮೊದಲರ್ಧ ಮಾತ್ರ ಕೇಳಿಸಿಕೊಂಡಳು.

ನಾನೂ.

13 ಜುಲೈ, ಗುರುವಾರ

ಹೊಳೆಯಿತು! ಹ್ಯಾಂಗರಿನಲ್ಲಿ ಚಹಾ ಕುಡಿಯುವಾಗ. ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಪಾಠ ಮಾಡುತ್ತೇನಲ್ಲ — ದೋಷ ಎಲ್ಲಿದೆ ಗೊತ್ತಾಗದಿದ್ದರೆ ಒಂದೊಂದೇ ಲೈನ್ ಮುಚ್ಚಿ ನೋಡಿ, ಯಾವುದನ್ನು ಮುಚ್ಚಿದಾಗ ಸರಿಹೋಗುತ್ತದೋ ಅಲ್ಲೇ ಕಳ್ಳ. ಒಂದು ಸಲಕ್ಕೆ ಒಂದೇ ಬದಲಾವಣೆ.

ನಾಳೆ ಆಷಾಢ ಏಕಾದಶಿ. ಚಾತುರ್ಮಾಸ ಶುರು. ಮೊದಲ ತಿಂಗಳು ಕಾಯಿಪಲ್ಯ ಬಿಡಬೇಕು, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ಬೇಳೆಕಾಳು. ಇದು ವ್ರತವಲ್ಲ ಮಹಾರಾಯ, ಟ್ರಬಲ್‌ಶೂಟಿಂಗ್ ಚಾರ್ಟ್! ನಮ್ಮ ಹಿರಿಯರು ಎಲ್ಲ ಬರೆದಿಟ್ಟು ಹೋಗಿದ್ದಾರೆ, ನಾವು ಓದಲಿಲ್ಲ ಅಷ್ಟೆ.

ಮನೆಗೆ ಬಂದವನೇ ಹೇಳಿದೆ. "ಅಂಬು, ಹೊಟ್ಟಿ ಒಳಗಿನ ಕಳ್ಳನ್ನ ಹಿಡಿಯೂ ಹಂಚಿಕಿ ಸಿಕ್ತು. ನಾಕು ಮಂದಿ ಮ್ಯಾಲೆ ಸಂಶಯ ಅದ. ತಿಂಗಳಿಗೊಬ್ಬರನ್ನ ಒಳಗ ಹಾಕೋಣು."

ಕೇಳಿ ನಕ್ಕಳು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡಳು. "ಅತ್ತಿಯವರು ಇದ್ದಿದ್ರ ಎಷ್ಟ ಖುಷಿ ಆಗ್ತಿದ್ರೋ. ಓಝರಿಗೆ ಬಂದ ಮ್ಯಾಲೆ ವ್ರತಾ ಬಿಟ್ಟೇ ಬಿಟ್ವಿ ನಾವು." ಕಣ್ಣೊರೆಸಿಕೊಂಡು — "ಮತ್ತ ಆ ಚೀಟಿ ಏನ್ ಮಾಡೂದ್ರಿ?"

"ಕಾರಣ ತಿಳದ ಮ್ಯಾಲೆ ಫೋಟೋ ಯಾಕ? ಕಳ್ಳ ಸಿಗಲಿಲ್ಲಂದ್ರ ಆಮ್ಯಾಲೆ ಫೋಟೋ."

ಚೀಟಿಯನ್ನು ಈ ಡೈರಿಯಲ್ಲೇ ಇಟ್ಟೆ. ಪುಟದ ಗುರುತಿಗೆ ಒಳ್ಳೆಯದಾಯಿತು. ವ್ರತ ವೃಥಾ ಆಗುವುದಿಲ್ಲ — ಈ ಶ್ಲೇಷೆ ಎಲ್ಲಾದರೂ ಉಪಯೋಗಿಸಬೇಕು.

14 ಜುಲೈ, ಶುಕ್ರವಾರ

ಪ್ರಯೋಗ ಆರಂಭ. ನಿಯಮ: ಪ್ರತಿ ಸಂಜೆ ಏಳು ಗಂಟೆಗೆ ನಾನು ಕೇಳುವುದು, ಅವಳು ಅಂಕ ಹೇಳುವುದು. ಹತ್ತು ಅಂದರೆ ಹೊಟ್ಟೆ ಒಡೆಯುವಂಥ ಉಬ್ಬರ. ಸೊನ್ನೆ ಅಂದರೆ ಆರಾಮ.

ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿ ಓದುವ ಮಗಳು ಮೃದುಲಾಗೆ ಭಾರೀ ಮಜಾ; ಅವಳಿಗೆ ಅವ್ವ ಎಂದರೆ ಆಯಿ. "ಆಯಿಲಾ ಮಾರ್ಕ್ಸ್? ಜಾಸ್ತಿ ಬಂದ್ರ ಫೇಲ್? ಅಪ್ಪಾ, ನನಗೂ ಹಂಗಽ ಮಾಡ್ರಿ ನಾ!"

ಅಂಕ: ಏಳು.

26 ಜುಲೈ, ಬುಧವಾರ

ಹೆಸರುಬೇಳೆ, ಮೆಣಸು, ಮಾವಿನಕಾಯಿ ಪುಡಿ. ಮಾರನೆಯ ದಿನ ಮಾವಿನಕಾಯಿ ಪುಡಿ, ಮೆಣಸು, ಹೆಸರುಬೇಳೆ. ಮೃದುಲಾ ಸುಶೀಲಾಬಾಯಿಯ ಮನೆಯಲ್ಲಿ ಬಟಾಟೆ ಪಲ್ಯ ತಿಂದು ಬಂದು ಏನೂ ಆಗದವರ ಹಾಗೆ ಕೂತಿದ್ದಳು. ಬಾಯಿಯ ವಾಸನೆ ಸಾಕ್ಷಿ ಹೇಳಿತು.

ಅಂಕ: ಏಳು, ಆರು, ಏಳು, ಆರು, ಆರು.

ಕಾರ್ಖಾನೆಯ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಅಡುಗೆಮನೆಯ ಗೋಡೆಗೆ ಹಚ್ಚಿದೆ.

9 ಆಗಸ್ಟ್, ಬುಧವಾರ

ಐದು! ಗೆರೆ ಇಳಿಯುತ್ತಿದೆ. ಅಂಬುಜಾ ಗ್ರಾಫಿನ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟು ನೋಡಿದಳು. "ಛಂದ ಇಳೀಲಿಕ್ಕತ್ತದಲ್ರಿ" ಅಂದಳು. ರಂಗೋಲಿ ಹೊಗಳುವ ಧ್ವನಿಯಲ್ಲಿ.

ಊಟ ಕಡಿಮೆಯಾಗಿದೆ. ಪರವಾಗಿಲ್ಲ, ವ್ರತದಲ್ಲಿ ಮಿತಾಹಾರ.

23 ಆಗಸ್ಟ್, ಬುಧವಾರ

ಮೊಸರಿನ ತಿಂಗಳು ನಡೆದಿದೆ. ಮೊಸರು ಬಂದ್, ಮಜ್ಜಿಗೆಗೆ ಜಾಮೀನು ಉಂಟು. ಶಾಸ್ತ್ರದ ಕಾನೂನು ನಮ್ಮ ಕೋರ್ಟಿಗಿಂತ ಸೂಕ್ಷ್ಮ.

ಈ ವಾರ ಕಾರ್ಖಾನೆಯಲ್ಲಿ ಆಡಿಟ್. ದಿನಾ ತಲೆನೋವು, ದಿನಾ ಒಬ್ಬರ ಹತ್ತಿರ ಬೈಸಿಕೊಳ್ಳುವುದು. ಸಂಜೆ ಅಂಕ ಮಾತ್ರ ಮೂರು, ಮೂರು, ಮೂರು. ಒಳ್ಳೆಯ ಸುದ್ದಿ ಎಂದರೆ ಅದೊಂದೇ. ಅಂದರೆ ಮೊಸರೇ ಅಪರಾಧಿಯೆ?

4 ಸೆಪ್ಟೆಂಬರ್, ಸೋಮವಾರ. ಗಣೇಶ ಚೌತಿ

ಅಂಬುಜಾ ಹೊಸ ಬಳೆ ಇಡಿಸಿಕೊಂಡಳು. ಹಳೆಯವು ಮೊಣಕೈವರೆಗೆ ಜಾರುತ್ತಿದ್ದವು. ಬಳೆಗಾರ "ಕಾಲೇಜ್ ಹುಡುಗಿ ಸೈಜ್ ಬಾಯಿ" ಅಂದನಂತೆ. ಮೂರು ಸಲ ಹೇಳಿದಳು.

ಮೃದುಲಾ ಪೇಟೆಯಿಂದ ಅಂಬುಜಾಳ ಒಳಲಂಗದ ಲಾಡಿ ತಂದಳು — ಹೋದ ಸಲಕ್ಕಿಂತ ಒಂದು ಮೊಳ ಉದ್ದ ಬೇಕೆಂದು ಆಯಿಯ ಅಪ್ಪಣೆ. "ಕೈ ನೋಡಿದ್ರ ಕಾಲೇಜು, ಹೊಟ್ಟಿ ನೋಡಿದ್ರ ಗಣಪತಿ" ಅಂದೆ. ಅಂಬುಜಾ ಮೋದಕದ ತಟ್ಟೆಯಿಂದ ಒಂದನ್ನು ತೆಗೆದು ನನ್ನ ಬಾಯಿಗೆ ತುರುಕಿದಳು. ಮಾತು ನಿಲ್ಲಿಸಲು ಅವಳ ಹಳೆಯ ಉಪಾಯ.

ತಾನು ಒಂದೂ ತಿನ್ನಲಿಲ್ಲ.

11 ಅಕ್ಟೋಬರ್, ಬುಧವಾರ

ತಿಂಗಳ ಮೇಲಾಯಿತು ಬರೆದು. ಅಂಕ ಮಾತ್ರ ಅಂಚಿನಲ್ಲಿ ಗೀಚಿದ್ದೇನೆ. ಹಾಲು ಬಿಟ್ಟದ್ದೂ ಆಯಿತು. ಮೊಸರು ವಾಪಸು ಬಂದರೂ ಅಂಕ ಏರಲಿಲ್ಲ, ಅಂದರೆ ಮೊಸರು ನಿರಪರಾಧಿ. ಹಾಲೂ ನಿರಪರಾಧಿ. ರವಿವಾರ ಐದು, ವಾರದ ನಡುವೆ ಮೂರು-ನಾಲ್ಕು. ಇದೆಂಥ ಉಬ್ಬರ, ಕ್ಯಾಲೆಂಡರ್ ನೋಡಿ ಇಳಿಯುತ್ತದೆ?

ಇಂದಿನಿಂದ ದ್ವಿದಳ. ಉಳಿದ ಆರೋಪಿ ಒಬ್ಬನೇ — ಬೇಳೆ. ಒಟ್ಟಿನಲ್ಲಿ ಒಂದು ತಿಂಗಳು ಈ ಮನೆಯಲ್ಲಿ ನನ್ನ ಬೇಳೆ ಬೇಯುವುದಿಲ್ಲ.

ಔರಂಗಾಬಾದಿನಿಂದ ಅವಳ ಅಣ್ಣ ಬಿಂದುಮಾಧವನ ಕಾಗದ. ಬ್ಯಾಂಕಿನವನಲ್ಲವೇ, ನೇರ ಮಾತು: "ಅಂಬುಜಾನ ಹೊಟ್ಟಿದು ಏನಾತು? ಡಾಕ್ಟರಿಗೆ ತೋರಿಸಿದ್ರೋ, ಬರೇ ಜೋಕ್ ಮಾಡಿದ್ರೋ?" ಉತ್ತರ ಬರೆದೆ — ತನಿಖೆ ಅಂತಿಮ ಹಂತದಲ್ಲಿದೆ.

5 ನವೆಂಬರ್, ರವಿವಾರ

ನಾಸಿಕ್ ಕನ್ನಡ ಸಂಘದ ರಾಜ್ಯೋತ್ಸವ. ಪ್ರತಿವರ್ಷದಂತೆ ನನ್ನ ಹಾಸ್ಯ ಭಾಷಣ. ಈ ಸಲದ ವಿಷಯ "ಉದರ ಮೊಕದ್ದಮೆ". ಆರೋಪಿ ನಂಬರ್ ಒಂದು ಬದನೆಕಾಯಿ ಕಟಕಟೆಯಲ್ಲಿ ಕಿರೀಟ ಹಾಕಿಕೊಂಡೇ ನಿಂತದ್ದು, ಮೊಸರಿನ ಪರ ವಕೀಲರ ವಾದ ಹುಳಿಯಾದದ್ದು, ಹಾಲಿನ ಸಾಕ್ಷಿ ಒಡೆದುಹೋದದ್ದು... ಜನ ಕುರ್ಚಿ ಹಿಡಿದುಕೊಂಡು ನಕ್ಕರು. "ಅಂತಿಮ ತೀರ್ಪು ಬರುವ ಗುರುವಾರ, ಕಾರ್ತಿಕ ಏಕಾದಶಿಗೆ" ಎಂದು ಮುಗಿಸಿದಾಗ ಚಪ್ಪಾಳೆ. ಎಲ್ಲರೂ ಮೂರನೆಯ ಸಾಲಿನತ್ತ ತಿರುಗಿ ನೋಡಿದರು. ಅಂಬುಜಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ನಗುತ್ತಿದ್ದಳು ಎಂದುಕೊಂಡೆ.

ಓಝರ್ ಬಸ್ಸಿನಲ್ಲಿ ಸೀಟಿದ್ದರೂ ನಿಂತಿದ್ದಳು. ಕೂತರೆ ಉಸಿರು ಬರುವುದಿಲ್ಲವಂತೆ. ಮೃದುಲಾ ಕಿಟಕಿಯ ಕಡೆ ಮುಖ ಮಾಡಿ, ನನಗಷ್ಟೇ ಕೇಳುವಂತೆ ಹೇಳಿದಳು: "ಅಪ್ಪಾ, ನೀವ್ ಎಲ್ಲಾರ್ನೂ ನಗಿಸಿದ್ರಿ. ಆಯಿ ಮುಂಜಾನೆ ಸೀರಿ ಉಡೂ ಮುಂದ ರಡತ ಹೋತೀ. ಅಳ್ತಿದ್ಳು ಅಪ್ಪಾ."

ಅಂಕ ಕೇಳಲಿಲ್ಲ.

6 ನವೆಂಬರ್, ಸೋಮವಾರ

ರಜೆ ಹಾಕಿದೆ. "ಹೊಟ್ಟಿ ತೋರಸು" ಅಂದೆ. "ಏನ್ರಿ ಹಿಂಗ, ಹಗಲೊತ್ತಿನ್ಯಾಗ" ಎಂದು ನಾಚಿಕೊಂಡಳು. ಆಮೇಲೆ ಸೆರಗು ಸರಿಸಿದಳು.

ನಾಲ್ಕು ತಿಂಗಳು ಪ್ರತಿ ಸಂಜೆ ಅಂಕ ಕೇಳಿದವನು ಒಂದು ಸಲವೂ ನೋಡಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿದೆ. ಹೊಕ್ಕಳು ಹೊರಗೆ ಬಂದಿದೆ. ತೋಳು ಮಾತ್ರ ಕಡ್ಡಿ. ಬಳೆ ಇಲ್ಲಿ ಬರೆದುಕೊಂಡಿದ್ದೆ, ಲಾಡಿಯನ್ನೂ ಬರೆದುಕೊಂಡಿದ್ದೆ. ಒಂದೇ ದಿನ, ಒಂದೇ ಪುಟದಲ್ಲಿ. ಎರಡನ್ನೂ ಕೂಡಿಸಲಿಲ್ಲ. ಕೂಡಿಸುವುದೇ ನನ್ನ ನೌಕರಿ.

ಚೀಟಿ ಎಲ್ಲಿಟ್ಟಿದ್ದೆ ಎಂದು ಕಪಾಟು, ಪೆಟ್ಟಿಗೆ, ಷರ್ಟಿನ ಜೇಬು ಎಲ್ಲ ಹುಡುಕಿದೆ. ಡೈರಿಯಲ್ಲೇ ಇತ್ತು. ದಿನಾ ಅದನ್ನು ಸರಿಸಿ ಸರಿಸಿಯೇ ಬರೆದಿದ್ದೇನೆ.

7 ನವೆಂಬರ್, ಮಂಗಳವಾರ

ನಾಸಿಕ್. ಕತ್ತಲೆ ಕೋಣೆ, ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ಲಿ. ಪರದೆಯಲ್ಲಿ ಕಂಡದ್ದು ನನಗೆ ಮೋಡದ ಹಾಗೆ ಕಂಡಿತು. ಲೇಡಿ ಡಾಕ್ಟರು ಅಂಬುಜಾಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು. ಹೊಟ್ಟೆಯ ತುಂಬ ಇರುವುದು ವಾಯುವಲ್ಲ, ನೀರು. ಬಲಗಡೆ ಅಂಡಾಶಯದಲ್ಲಿ ಗಡ್ಡೆ. ದೊಡ್ಡದು. ಸುತ್ತಲೂ ಇನ್ನೇನೋ ಚುಕ್ಕೆಗಳು. ಗಡ್ಡೆಯ ಹೆಸರನ್ನು ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಎಲ್ಲ ಭಾಷೆಯಲ್ಲೂ ಅದು ಒಂದೇ.

ಕಾಯಿಪಲ್ಯ, ಮೊಸರು, ಹಾಲು, ಬೇಳೆ. ನಾಲ್ವರೂ ನಿರಪರಾಧಿಗಳು.

"ಏನಂದ್ರು?" ಎಂದಳು ಹೊರಗೆ ಬಂದಾಗ.

"ನೀರು ತುಂಬ್ಯದಂತ. ತಗೀಬೇಕಂತ."

"ಅಷ್ಟನಾ?" ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

9 ನವೆಂಬರ್, ಗುರುವಾರ. ಕಾರ್ತಿಕ ಏಕಾದಶಿ

ನಾಳೆ ಔರಂಗಾಬಾದಿಗೆ. ಬಿಂದುಮಾಧವನಿಗೆ ಅಲ್ಲಿ ಗುರುತಿನ ಸರ್ಜನ್ ಇದ್ದಾರೆ, ಅವನ ಮನೆ ಆಸ್ಪತ್ರೆಗೆ ಹತ್ತಿರ, ಅಂಬುಜಾಗೂ ಅಣ್ಣನ ಹತ್ತಿರ ಇರಬೇಕು. ಮೃದುಲಾ ಪರೀಕ್ಷೆಯವರೆಗೆ ಸುಶೀಲಾಬಾಯಿಯ ಮನೆಯಲ್ಲಿ.

ಚೀಲ ಕಟ್ಟುತ್ತಿದ್ದೆ. ಗೋಡೆಯ ಗಡಿಯಾರ ಏಳು ಬಡಿಯಿತು.

"ಇವತ್ತ ಅಂಕ ಕೇಳೂದಿಲ್ಲೇನು?"

"ಬಿಡು ಅಂಬು."

"ಕೇಳ್ರಿ. ಇಷ್ಟ ದಿನಾ ಸುಳ್ಳ ಹೇಳೀನಿ, ಇವತ್ತ ಖರೇ ಹೇಳ್ತೀನಿ."

ಕೈಯಲ್ಲಿದ್ದ ಸೀರೆ ಕೈಯಲ್ಲೇ ಉಳಿಯಿತು.

"ನಿಮ್ಮ ಮಾರಿ ನೋಡಿ ಹೇಳ್ತಿದ್ದೆನ್ರಿ. ಫ್ಯಾಕ್ಟರಿಯಿಂದ ದಣದು ಬಂದಿದ್ರ ಮೂರು. ಹಗುರ ಇದ್ರ ಐದು. ಆ ಕಾಗದದ ಮ್ಯಾಲೆ ಗೀಟು ಎಷ್ಟ ಆಸ್ಥಾಲೆ ಹಾಕ್ತಿದ್ರಿ... ಏರಿಸ್ಲಿಕ್ಕೆ ಮನಸ್ಸಾಗ್ಲಿಲ್ಲ."

"ಖರೇ ಎಷ್ಟಿತ್ತು?"

"ಏಳರ ಕೆಳಗ ಯಾವತ್ತೂ ಇಳದಿಲ್ಲ."

ಆಡಿಟ್ ವಾರದ ಮೂರು, ಮೂರು, ಮೂರು. ನಾನು ಅವಳ ಹೊಟ್ಟೆಯ ಗ್ರಾಫ್ ಎಳೆಯುತ್ತಿರಲಿಲ್ಲ. ನನ್ನ ಮುಖದ ಗ್ರಾಫ್ ಎಳೆಯುತ್ತಿದ್ದೆ. ಮೀಟರು ಕೆಟ್ಟಿರಲಿಲ್ಲ. ಇನ್‌ಸ್ಪೆಕ್ಟರನ ಮೇಲಿನ ಕನಿಕರದಿಂದ ಸುಳ್ಳು ತೋರಿಸುತ್ತಿತ್ತು.

"ಇನ್ನ ಮುಂದ ಖರೇನ ಹೇಳ್ತೀನಿ" ಎಂದಳು. "ಬರ್ಕೊಳ್ರಿ. ಇವತ್ತ ಒಂಬತ್ತು."

ಬರೆದುಕೊಂಡೆ. ಗೋಡೆಯ ಹಾಳೆ ಕಿತ್ತು ಹಾಕಿದೆ. ವ್ರತ, ವೃಥಾ. ಜುಲೈನಲ್ಲಿ ನಗು ಬಂದಿತ್ತು.

14 ನವೆಂಬರ್, ಮಂಗಳವಾರ. ಔರಂಗಾಬಾದ್

ಸೂಜಿ ಹಾಕಿ ನೀರು ತೆಗೆದರು. ಮೂರು ಲೀಟರ್. ಚಹಾದ ಬಣ್ಣ. ಬಾಟಲಿಯಲ್ಲಿ ಏರುತ್ತಿದ್ದುದನ್ನು ನೋಡಿದೆ, ಅಳತೆಯ ಗೆರೆ ಓದುವುದು ಮಾತ್ರ ನನಗೆ ಚೆನ್ನಾಗಿ ಬರುತ್ತದಲ್ಲ.

ಸಂಜೆ ಏಳಕ್ಕೆ ತಾನೇ ಕೈ ಎತ್ತಿ ಬೆರಳಿನಿಂದ ಗಾಳಿಯಲ್ಲಿ ಸೊನ್ನೆ ಬರೆದಳು. "ಖರೇನ, ದೇವರಾಣಿ. ಸೊನ್ನಿ. ಎಷ್ಟ ಹಗುರ ಆತ್ರಿ!" ಆಮೇಲೆ: "ತೊಗರಿಬ್ಯಾಳಿ ಸಾರು ಸಿಗ್ತದನು?"

ಬಿಂದುಮಾಧವ ಮನೆಗೆ ಓಡಿಹೋಗಿ ಡಬ್ಬಿ ತಂದ. ಎರಡು ಬಟ್ಟಲು ಕುಡಿದಳು. ನಾಲ್ಕು ತಿಂಗಳಲ್ಲಿ ಅವಳು ಕೇಳಿ ತಿಂದದ್ದು ಇದೇ ಮೊದಲು. ಇಂಗಿನ ಒಗ್ಗರಣೆಯ ವಾಸನೆಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು.

20 ನವೆಂಬರ್, ಸೋಮವಾರ

ಆಪರೇಷನ್. ಮೂರು ತಾಸು ಎಂದಿದ್ದರು. ನಲವತ್ತು ನಿಮಿಷಕ್ಕೆ ಹೊರಗೆ ಬಂದರು. ತೆರೆದು ನೋಡಿದರು, ಮುಚ್ಚಿದರು. ಕರುಳಿಗೆಲ್ಲ ಹಬ್ಬಿದೆ.

ಸರ್ಜನ್ ಕೇಳಿದರು — ಯಾವಾಗ ಶುರುವಾಯಿತು? ಜೂನ್. ನಂತರ ಏನು ಮಾಡಿದಿರಿ? ವಿದ್ಯಾವಂತನ ಹಾಗೆ, ಇನ್‌ಸ್ಪೆಕ್ಟರನ ಹಾಗೆ, ಕ್ರಮವಾಗಿ ಹೇಳಿದೆ. ಶಾಕ, ದಧಿ, ಕ್ಷೀರ, ದ್ವಿದಳ. ಅವರು ನಗಲಿಲ್ಲ. ಈ ವಿಷಯಕ್ಕೆ ನಗದ ಮೊದಲ ಶ್ರೋತೃ.

"ಜುಲೈನಲ್ಲಿ ಬಂದಿದ್ರ...?" ಎಂದೆ.

ಸ್ವಲ್ಪ ಹೊತ್ತು ಕೈ ತೊಳೆದುಕೊಂಡರು. "ಆಗಲೂ ಬಹುಶಃ ಇಷ್ಟೇ ಇರುತ್ತಿತ್ತು" ಎಂದರು, ಹಿಂದಿಯಲ್ಲಿ. "ಈ ರೋಗ ಸುಮ್ಮನೆ ಬೆಳೆಯುತ್ತದೆ. ನಿಮ್ಮ ತಪ್ಪೇನಿಲ್ಲ."

ನನ್ನ ಮುಖ ನೋಡಿಕೊಂಡೇ ಹೇಳಿದರು.

12 ಡಿಸೆಂಬರ್, ಮಂಗಳವಾರ

ಬಿಂದುಮಾಧವನ ಮನೆಯ ಮುಂದಿನ ಕೋಣೆ. ಅಂಬುಜಾ ಕಿಟಕಿಯ ಪಕ್ಕ. ಅಂಕಗಳು ಖರೇ: ಆರು, ಏಳು, ಏಳು, ಎಂಟು. ನೀರು ಮತ್ತೆ ತುಂಬುತ್ತಿದೆ. ಇನ್ನೊಮ್ಮೆ ತೆಗೆದರು. ಈ ಸಲ ಸೊನ್ನೆ ಬರಲಿಲ್ಲ, ನಾಲ್ಕು.

ಔಷಧಿ ತರಲು ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿದ್ದೆ. ಕೆಂಪು ಬಸ್ಸು, ಬೋರ್ಡಿನಲ್ಲಿ "ಕನ್ನಡ". ಇಲ್ಲಿಂದ ವಾಯವ್ಯಕ್ಕೆ ಆ ಹೆಸರಿನ ತಾಲೂಕು. ಮನೆಗೆ ಬಂದು ಹೇಳಿದೆ: "ಕಂಡಕ್ಟರ್ ಕೂಗ್ಲಿಕ್ಕತ್ತಿದ್ದ — ಕನ್ನಡ ಕನ್ನಡ, ಚಲಾ ಕನ್ನಡ! ನಮ್ಮ ಸಂಘದವ್ರು ಹತ್ತ ವರ್ಷ ಕೂಗಿದ್ರೂ ಇಷ್ಟ ಮಂದಿ ಓಡಿ ಬಂದಿಲ್ಲ."

ನಕ್ಕಳು. ನಗುವಾಗ ಎರಡೂ ಕೈಯಿಂದ ಹೊಲಿಗೆ ಹಿಡಿದುಕೊಂಡಳು. "ಮುಂದಿನ ವರ್ಷದ ಭಾಷಣಕ್ಕ ಇಟ್ಕೊಳ್ರಿ" ಎಂದಳು. ಆಮೇಲೆ, "ನಾ ಮೂರನೇ ಸಾಲಿನ್ಯಾಗ ಇರೂದಿಲ್ಲ. ಯಾರ ಮಾರಿ ನೋಡಿ ಮಾತಾಡ್ತೀರಿ?"

ಔಷಧಿಯ ಪೊಟ್ಟಣ ಬಿಚ್ಚಿ ಗುಳಿಗೆ ಎಣಿಸಿದೆ. ಎರಡು ಸಲ.

14 ಜನವರಿ 1990, ರವಿವಾರ. ಸಂಕ್ರಾಂತಿ

ಮೃದುಲಾ ಬಂದಿದ್ದಾಳೆ, ಪರೀಕ್ಷೆಗೆ ಇನ್ನು ಇಲ್ಲಿಂದಲೇ ಓದುತ್ತಾಳಂತೆ. ಆಯಿಯ ನಾಲಿಗೆಯ ಮೇಲೆ ಎಳ್ಳಿನ ಒಂದು ಕಾಳು ಇಟ್ಟಳು. ನುಂಗಲು ಬಹಳ ಹೊತ್ತು ಬೇಕಾಯಿತು. ಹೊಸ ಬಳೆಗಳೂ ಈಗ ಮೊಣಕೈಗೆ ಜಾರುತ್ತವೆ. ಮೃದುಲಾ ಅವನ್ನು ತೆಗೆದು ದಾರದಲ್ಲಿ ಪೋಣಿಸಿ ಮಂಚದ ಕಾಲಿಗೆ ಕಟ್ಟಿದಳು. "ಆಯಿ, ಏನರ ಬೇಕಾದ್ರ ಇದು ವಾಜವ, ನಾ ಬರ್ತೀನಿ." ಅಲುಗಿಸಿದರೆ ಸದ್ದಾಗುತ್ತದೆ.

ಮಗಳಿಗೆ ಹೊಳೆಯುವುದು ನನಗೆ ಹೊಳೆಯುವುದಿಲ್ಲ.

ಅಂಕ: ಎಂಟು.

2 ಫೆಬ್ರವರಿ, ಶುಕ್ರವಾರ

ಒಂಬತ್ತು.

5 ಫೆಬ್ರವರಿ, ಸೋಮವಾರ

ಒಂಬತ್ತು. ಹತ್ತು ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. "ಹತ್ತು ಅಂದ್ರ ಒಡೀತದ ಅಂತ ನೀವ ಹೇಳಿದ್ರಿ" ಎಂದಳು.

13 ಫೆಬ್ರವರಿ, ಮಂಗಳವಾರ

ಬೆಳಿಗ್ಗೆಯಿಂದ ಅಂಗಳದ ನಲ್ಲಿಯ ಹತ್ತಿರ ಕೂತಿದ್ದೆ. ಅಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಸಂಜೆ ಮುಖ ತೊಳೆದು ಒಳಗೆ ಹೋದೆ. ಕಣ್ಣು ಕೆಂಪಾಗಿದ್ದಿರಬೇಕು.

ಬಹಳ ಹೊತ್ತು ನೋಡಿದಳು ನನ್ನನ್ನು.

"ಇವತ್ತ ಎರಡು" ಎಂದಳು.

ಖರೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಳು. ನೆನಪಿಸಲಿಲ್ಲ. "ಎರಡಽ? ಛಲೋ ಆತು ಹಂಗಾರ" ಎಂದೆ. ಬರೆದೆ, ಅವಳಿಗೆ ಕಾಣುವ ಹಾಗೆ ಡೈರಿ ಹಿಡಿದು: ಎರಡು. ದಪ್ಪಗೆ.

ತೃಪ್ತಿಯಾಯಿತು ಅವಳಿಗೆ. ಕಣ್ಣು ಮುಚ್ಚಿದಳು.

16 ಫೆಬ್ರವರಿ, ಶುಕ್ರವಾರ

ಬಿಂದುಮಾಧವ ರಜೆ ಹಾಕಿದ್ದಾನೆ. ಮಧ್ಯಾಹ್ನದಿಂದ ಬಳೆಯ ಸದ್ದಿಲ್ಲ. ಮೃದುಲಾ ತಲೆದೆಸೆಯಲ್ಲಿ.

ಏಳಕ್ಕೆ ಐದು ನಿಮಿಷ. ಮುಖ ತೊಳೆದೆ, ಒರೆಸಿದೆ, ಕನ್ನಡಿಯಲ್ಲಿ ನೋಡಿದೆ. ನಗುವ ಮುಖ ಒಂದು ತಯಾರು ಮಾಡಿಕೊಂಡೆ. ಅವಳು ನೋಡಿದರೆ ಹತ್ತು ಅನ್ನಲಿಕ್ಕೂ ಧೈರ್ಯ ಬರಬೇಕು, ಅಂಥ ಮುಖ.

ಪಕ್ಕದಲ್ಲಿ ಕೂತೆ. ಪೆನ್ನು ತೆರೆದೆ. "ಅಂಬು, ಏಳಾತು" ಎಂದೆ. "ಇತ್ತ ನೋಡು. ಇವತ್ತ ನಾ ಭಾಳ ಖುಷೀಲೆ ಇದ್ದೀನಿ."

ಸಂಜೆ 7. ಅಂಕ: